ನಾಲ್ಕು ಲಿಂಬೆ, ಒಂದು ಲ್ಯಾಪ್‌ಟಾಪು

ಹೆಬ್ಬಾವಿನ ತಿರುವು ಬರುವವರೆಗೆ ಭವಿತಾಳ ಕಾರು ಯಾರಿಗೂ ಕಮ್ಮಿ ಇರಲಿಲ್ಲ. ಕಂಪ್ಯೂಟರಿನ ಈ ಕಾರ್ ರೇಸ್ ಆಟ ಮಾಡಿದವರು ಆ ತಿರುವಿಗೆ ನಾಲಿಗೆ ಹೊರಳದ ಬೇರೇನೋ ಹೆಸರಿಟ್ಟಿದ್ದರು. ಹೆಬ್ಬಾವು ಎಂಬುದು ಸುಳ್ಯದ ಕಾಲೇಜಿನ ಮಕ್ಕಳು ಮಾಡಿದ ನಾಮಕರಣ. ಸರಿಯಾಗಿ ಅಲ್ಲಿಗೆ ಬರುವಾಗ ಮಳೆ, ಹೊಗೆ, ನಾಲ್ಕು ಕಾರು ಎಲ್ಲ ಒಟ್ಟಿಗೆ ಪರದೆಗೆ ನುಗ್ಗುತ್ತಿದ್ದವು. ಲ್ಯಾಪ್‌ಟಾಪು ಒಂದು ಚಿತ್ರ ತೋರಿಸಿ, ದಮ್ಮು ಎಳೆದುಕೊಂಡು, ಇನ್ನೊಂದು ಚಿತ್ರ ತೋರಿಸುವಷ್ಟರಲ್ಲಿ ಕಾರು ಗೋಡೆಗೆ ಬಡಿದು ಅರ್ಧ ನಿಮಿಷ ಆಗಿರುತ್ತಿತ್ತು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ ಅವಳದೇ ತರಗತಿಯ ಅವಿನ್, ಪುತ್ತೂರಿನವನು, ಆ ಲ್ಯಾಪ್‌ಟಾಪಿನ ಫ್ಯಾನಿನ ಸದ್ದನ್ನು ಕ್ಯಾಂಟೀನಿನಲ್ಲಿ ಅಣಕಿಸಿ ತೋರಿಸಿಬಿಟ್ಟ. ಮೊದಲು ಸಣ್ಣಗೆ ಗುಂಯ್ ಎಂದು, ಆಮೇಲೆ ಗ್ರೈಂಡರಿನ ಹಾಗೆ, ಕೊನೆಗೆ ಗಂಟಲು ಕಟ್ಟಿದ ಎಮ್ಮೆಯ ಹಾಗೆ. ಕ್ಯಾಂಟೀನೇ ಬಿದ್ದು ಬಿದ್ದು ನಕ್ಕಿತು. ಪ್ರಿನ್ಸಿಪಾಲರಿಂದ ಹಿಡಿದು ಬಸ್ಸಿನ ಕಂಡಕ್ಟರನವರೆಗೆ ಕಂಡವರನ್ನೆಲ್ಲ ಅಣಕಿಸಿ ಹೆಸರು ಮಾಡಿದವಳು ಭವಿತಾ. ಊರಿಗೆಲ್ಲ ಖಾರ ಅರೆದವಳ ಕಣ್ಣಿಗೇ ಖಾರ ಹಾರಿದಂತಾಯಿತು. ಅದರಲ್ಲೂ ಅವಿನ್ ಮಾಡಿದ್ದು ಚೆನ್ನಾಗಿತ್ತು. ಅದೇ ದೊಡ್ಡ ಸಂಕಟ.

ಅದೇ ವಾರ ಕಡಬದ ಚಿಗುರು ಯುವಕ ಮಂಡಲದವರ ಪೋಸ್ಟರು ಬಂತು. ಹನ್ನೆರಡು ವರ್ಷ ವಾಲಿಬಾಲ್ ಮಾಡಿಸಿ ಬೇಸರ ಬಂದ ಮಂಡಲ ಅದು. ಈ ಸಲ ‘ಪ್ರಪ್ರಥಮ ಬಾರಿಗೆ ಮುಕ್ತ ಲ್ಯಾಪ್‌ಟಾಪ್ ಕಾರ್ ರೇಸ್ ಪಂದ್ಯಾಟ. ಲ್ಯಾಪ್‌ಟಾಪನ್ನು ಆಟಗಾರರೇ ತರತಕ್ಕದ್ದು. ಶರಬತ್ತಿನ ವ್ಯವಸ್ಥೆ ಇದೆ.’ ಅವಿನ್ ಹೆಸರು ಕೊಟ್ಟ. ಅವಿನ್ ಕೊಟ್ಟನೆಂದು ಭವಿತಾಳೂ ಕೊಟ್ಟಳು. ಕೊಟ್ಟ ಮೇಲೆ ನೆನಪಾಯಿತು, ಲ್ಯಾಪ್‌ಟಾಪು ಅವಳದ್ದಲ್ಲ.

ಅದು ಅಣ್ಣ ಕೀರ್ತನನದ್ದು. ಅವನು ಮದುವೆಯ ವಿಡಿಯೋ ತೆಗೆಯುವವನು. ಹಗಲೆಲ್ಲ ಮಂಟಪದ ಎದುರು ಕ್ಯಾಮರಾ ಹಿಡಿದು, ಮನೆಗೆ ಬಂದು ಅದೇ ಲ್ಯಾಪ್‌ಟಾಪಿನಲ್ಲಿ ಕತ್ತರಿಸಿ, ಅಂಟಿಸಿ, ಹಾಡು ಕೂಡಿಸಿ ಕೊಡುವವನು. ಮನೆಯ ಅಕ್ಕಿಯ ಅರ್ಧ ಪಾಲು ಆ ಯಂತ್ರದೊಳಗಿಂದ ಬರುತ್ತಿತ್ತು.

“ಪಂದ್ಯದ ದಿವಸ ಕೊಡ್ತೇನೆ,” ಎಂದ ಕೀರ್ತನ್. “ಆದ್ರೆ ಮರುದಿನ ಸೋಮವಾರ ಉಪ್ಪಿನಂಗಡಿಯವರ ಮದುವೆದ್ದು ಕೊಡ್ಲಿಕ್ಕುಂಟು. ಹೇಗೆ ಕೊಟ್ಟೆನೋ ಹಾಗೇ ವಾಪಸ್ ಬರ್ಬೇಕು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇನ್ನು ಈ ಜನ್ಮದಲ್ಲಿ ನೀನು ಅದನ್ನು ಮುಟ್ಲಿಕ್ಕಿಲ್ಲ.”

“ಹಾಗೇ ಬರ್ತದೆ,” ಎಂದಳು ಭವಿತಾ. ಆ ಮಾತು ಹೇಳುವಾಗಲೇ ಅವಳ ಚೀಲದಲ್ಲಿ ಪುತ್ತೂರಿಗೆ ಹೋಗುವ ಬಸ್ಸಿನ ಚೀಟಿ ಇತ್ತು ಎಂದರೆ ಅತಿಶಯ; ಆದರೆ ಮನಸ್ಸಂತೂ ಆಗಲೇ ಪುತ್ತೂರು ಬಸ್‌ಸ್ಟ್ಯಾಂಡ್ ಇಳಿದಿತ್ತು.

ಬಸ್‌ಸ್ಟ್ಯಾಂಡಿನ ಹಿಂದೆ ಝಾಕಿರನ ರಿಪೇರಿ ಅಂಗಡಿ. ಕೀರ್ತನ್ ಮುಹೂರ್ತದ ಶೂಟಿಂಗಿಗೆ ಹೋದ ದಿನ ನೋಡಿ ಅವಳು ಲ್ಯಾಪ್‌ಟಾಪನ್ನು ಅಲ್ಲಿಗೆ ಹೊತ್ತೊಯ್ದಳು. ಝಾಕಿರ್ ಹಿಂದಿನ ಮುಚ್ಚಳ ಬಿಚ್ಚಿ, ಫ್ಯಾನಿನಿಂದ ಒಂದು ಮುಷ್ಟಿ ಧೂಳು ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ಎರಡು ಅಕ್ಷತೆಕಾಳೂ ಇದ್ದವು.

“ನಿನ್ನ ಅಣ್ಣ ಎಲ್ಲ ಮದುವೆಯನ್ನೂ ಇದರೊಳಗೇ ಮಾಡಿಸಿದ್ದಾನಾ ಮಾರಾಯ್ತಿ?”

“ಝಾಕಿರಣ್ಣ, ಓವರ್‌ಕ್ಲಾಕ್ ಮಾಡುದು ಅಂತಾರಲ್ಲ, ಅದು ಮಾಡಿದ್ರೆ ಹೊಗೆ ಬರ್ತದಾ?”

“ಮಾಡುವವನ ತಲೆಯಲ್ಲಿ ಹೊಗೆ ಇದ್ರೆ ಬರ್ತದೆ,” ಎಂದ ಝಾಕಿರ್, ಚಿಪ್ಪಿನ ಮೇಲಿನ ಒಣಗಿದ ಪೇಸ್ಟು ಕೆರೆದು ಹೊಸತು ಹಚ್ಚುತ್ತಾ. “ಗ್ರಾಫಿಕ್ಸ್ ಕಾರ್ಡಿಗೆ ಕಂಪೆನಿಯವರು ಇಷ್ಟು ಜೋರು ಓಡು ಅಂತ ಹೇಳಿ ಕಳಿಸಿದ್ದಾರೆ. ನಾವು ಇನ್ನು ಸ್ವಲ್ಪ ಓಡು ಅಂತ ಬೆನ್ನು ತಟ್ಟುದು. ತಟ್ಟುದು ಅಂದ್ರೆ ತಟ್ಟುದು, ಒದೆಯುದಲ್ಲ. ವೇಗ ಇಪ್ಪತ್ತೈದು ಮೆಗಾಹರ್ಟ್ಸ್ ಏರಿಸು, ಹತ್ತು ನಿಮಿಷ ಓಡಿಸಿ ನೋಡು. ಸರಿ ಉಂಟಾ, ಇನ್ನೊಂದು ಇಪ್ಪತ್ತೈದು. ಪರದೆಯಲ್ಲಿ ಬಣ್ಣಬಣ್ಣದ ಚುಕ್ಕಿ ಬಂತು, ಇಲ್ಲಾಂದ್ರೆ ಆಟ ಹಾರಿ ಹೋಯ್ತು ಅಂದ್ರೆ ಅದಕ್ಕೆ ಸಾಕಾಗಿದೆ ಅಂತ ಅರ್ಥ. ಎರಡು ಮೆಟ್ಟಿಲು ಕೆಳಗೆ ಇಳಿ. ವೋಲ್ಟೇಜಿನ ತಂಟೆಗೆ ಹೋಗ್ಬೇಡ. ಚಾರ್ಜರ್ ಹಾಕಿಯೇ ಇರ್ಬೇಕು. ಮತ್ತೆ ಬಿಸಿ ಎಂಬತ್ತೇಳು ಡಿಗ್ರಿ ದಾಟ್ಲಿಕ್ಕಿಲ್ಲ.”

“ದಾಟಿದ್ರೆ?”

“ಮೊದಲು ಅದೇ ನಿಧಾನ ಆಗ್ತದೆ. ಬುದ್ಧಿ ಉಂಟು ಅದಕ್ಕೆ. ಆದ್ರೂ ದಿನಾ ಬೇಯಿಸಿದ್ರೆ ಒಂದು ದಿವಸ ಮಾತು ಬಿಡ್ತದೆ, ಮುನಿಸಿಕೊಂಡ ಅತ್ತೆಯ ಹಾಗೆ. ಆಮೇಲೆ ನನ್ನಲ್ಲಿಗೆ ತರ್ಬೇಡ.”

ಅಜ್ಜಾವರದ ತಮ್ಮ ಮನೆಯಲ್ಲಿ ಮರುದಿನ ಬೆಳಿಗ್ಗೆ ಪ್ರಯೋಗ ಶುರುವಾಯಿತು. ಗುಟ್ಟಾಗಿ ಮಾಡಬೇಕೆಂದಿದ್ದಳು, ಅಪ್ಪ ಡೊಂಬಯ್ಯ ಗೌಡರು ಬಂದು ಪಕ್ಕದಲ್ಲೇ ಕುಳಿತರು. ಮೂವತ್ತು ವರ್ಷ ಸರ್ವಿಸ್ ಜೀಪು ಓಡಿಸಿದವರು. ಒಳಗೆ ಹನ್ನೆರಡು, ಹೊರಗೆ ನೇತಾಡುವವರು ಎಂಟು, ಬಾನೆಟ್ಟಿನ ಮೇಲೆ ಒಂದು ಬಾಳೆಗೊನೆ, ಹೀಗೆ ಏರು ಹತ್ತಿಸಿದವರು. ಯಂತ್ರವೊಂದು ಏದುಸಿರು ಬಿಡುವ ಸದ್ದು ಕೇಳಿದರೆ ಅವರಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ.

“ಎಂತ ಗೂಡೆ, ಇದು ಏರು ಹತ್ತುತ್ತಾ ಉಂಟಾ?” ಗೂಡೆ ಎಂದರೆ ಅವರ ಅರೆಭಾಷೆಯಲ್ಲಿ ಹುಡುಗಿ.

ಮಗಳು ಸುಳ್ಳು ಹೇಳಲು ಬಾಯಿ ತೆರೆದು, ಅಪ್ಪನ ಮುಖ ನೋಡಿ, ನಿಜವನ್ನೇ ಹೇಳಿದಳು. ಗೌಡರು ಎಲ್ಲ ಕೇಳಿ ಕೇಳಿದ್ದು ಒಂದೇ ಪ್ರಶ್ನೆ: “ಬಿಸಿ ತೋರಿಸುವ ಮುಳ್ಳು ಎಲ್ಲಿ?”

“ಮುಳ್ಳಿಲ್ಲ ಅಪ್ಪ, ನಂಬ್ರ. ಇಲ್ಲಿ ಮೂಲೆಯಲ್ಲಿ. ಈಗ ಎಪ್ಪತ್ತೊಂಬತ್ತು.”

“ಹ್ಞಾ. ನೀನು ದಾರಿ ನೋಡು. ಅದನ್ನು ನಾನು ನೋಡ್ತೇನೆ.”

ಇಪ್ಪತ್ತೈದು, ಐವತ್ತು, ಎಪ್ಪತ್ತೈದು. ಪ್ರತಿ ಮೆಟ್ಟಿಲಿಗೂ ಹತ್ತು ನಿಮಿಷದ ಓಟ. ಗೌಡರು ಪರದೆಯ ಮೂಲೆಗೆ ಕಣ್ಣು ನೆಟ್ಟು ಪಂಚಾಂಗ ಓದಿದಂತೆ ಓದುತ್ತಿದ್ದರು. ಎಂಬತ್ತೆರಡು. ಎಂಬತ್ನಾಲ್ಕು. ನೂರೈವತ್ತಕ್ಕೆ ಏರಿಸಿದಾಗ ಹೆಬ್ಬಾವಿನ ಮೈತುಂಬ ಹಸಿರು ಚುಕ್ಕಿ ಎದ್ದು, ಕಾರುಗಳಿಗೆಲ್ಲ ಸಿಡುಬು ಬಂದಂತಾಗಿ, ಆಟ ಹಾರಿಹೋಯಿತು. ಭವಿತಾ ಎರಡು ಮೆಟ್ಟಿಲು ಇಳಿದು ನೂರಕ್ಕೆ ನಿಲ್ಲಿಸಿದಳು. ಸೆಕೆಂಡಿಗೆ ನಲವತ್ತೇಳು ಚಿತ್ರ ತೋರಿಸುತ್ತಿದ್ದದ್ದು ಐವತ್ತೈದು ತೋರಿಸತೊಡಗಿತು. ಹೆಬ್ಬಾವು ಮೊದಲ ಸಲ ಬಾಲದವರೆಗೆ ಕಾಣಿಸಿತು. ಆದರೆ ಬಿಸಿ ಎಂಬತ್ತೆಂಟು.

“ಒಂದು ಹೆಚ್ಚು,” ಎಂದರು ಗೌಡರು.

“ಒಂದೇ ಅಲ್ವಾ ಅಪ್ಪ.”

“ಜೀಪು ಬಾವಿಗೆ ಬೀಳುದು ಕಡೆಯ ಒಂದು ಅಡಿಯಲ್ಲೇ.”

ಆಮೇಲೆ ಅವರು ಎದ್ದು ಒಳಗೆ ಹೋದರು. ಫ್ರಿಜ್ಜಿನ ಬಾಗಿಲು ತೆರೆದ ಸದ್ದು. ಉಪ್ಪಿನಕಾಯಿಗೆ ಇಟ್ಟದ್ದನ್ನು ಮುಟ್ಟಬೇಡಿ ಎಂದು ಅವ್ವ ಕಮಲಾವತಿ ಕೂಗಿದ ಸದ್ದು. ಗೌಡರು ನಾಲ್ಕು ಲಿಂಬೆಹಣ್ಣು ಹಿಡಿದು ಬಂದರು. ಎಂಜಿನ್ನು ಬಿಚ್ಚಿ ಜೋಡಿಸಿದ ಗಾಡಿಯನ್ನು ಚಕ್ರದಡಿ ಲಿಂಬೆ ಇಡದೆ ಅವರು ಇಂದಿನವರೆಗೆ ಹೊರಡಿಸಿದವರಲ್ಲ. ಇದಕ್ಕೂ ಬಿಚ್ಚಿ ಜೋಡಿಸಿದ್ದಾಗಿದೆ. ಚಕ್ರವಿಲ್ಲದಿದ್ದರೂ ಅಡಿಯಲ್ಲಿ ನಾಲ್ಕು ರಬ್ಬರಿನ ಕಾಲುಗಳಿವೆ. ಸೋಡಾ ಬಾಟಲಿಯ ನಾಲ್ಕು ಮುಚ್ಚಳದೊಳಗೆ ಒಂದೊಂದು ಲಿಂಬೆ ಕೂರಿಸಿ, ಅದರ ಮೇಲೆ ಲ್ಯಾಪ್‌ಟಾಪಿನ ಒಂದೊಂದು ಕಾಲು ಇಟ್ಟು, ಕಣ್ಣು ಮುಚ್ಚಿ ಏನೋ ಮಣಮಣ ಎಂದರು.

“ಅಪ್ಪ, ಇದು ಬಿಸಿಎ ಓದುವ ಮನೆ.”

“ಓದು, ಯಾರು ಬೇಡ ಅಂದದ್ದು? ಈಗ ಹೊರಡಿಸು.”

ಭವಿತಾ ನಗುತ್ತಲೇ ಹೊರಡಿಸಿದಳು. ಹತ್ತು ನಿಮಿಷ ಕಳೆಯುವಾಗ ನಗು ನಿಂತಿತ್ತು. ಎಂಬತ್ತಮೂರು.

ಕಾರಣ ಅವಳಿಗೆ ತಕ್ಷಣ ಹೊಳೆಯಿತು: ಅಡಿಯಲ್ಲಿ ಎರಡು ಬೆರಳು ಜಾಗವಾಗಿ ಫ್ಯಾನಿಗೆ ಗಾಳಿ ಸಿಕ್ಕಿದೆ. ಇದನ್ನು ಅಪ್ಪನಿಗೆ ವಿವರಿಸಿದಳು ಕೂಡ. ಗೌಡರು ದೊಡ್ಡ ಮನಸ್ಸಿನಿಂದ ಒಪ್ಪಿದರು. “ಹೌದು, ದೇವರು ಗಾಳಿಯ ರೂಪದಲ್ಲಿ ಬರುದು ಉಂಟು.”

ಅಲ್ಲಿಂದ ಒಂದು ವಾರ ಅವಳು ಬೆಳಿಗ್ಗೆ, ಅಣ್ಣ ಹೊರಗೆ ಹೋದ ಮೇಲೆ, ಲಿಂಬೆಯ ಮೇಲೆ ಅಭ್ಯಾಸ ಮಾಡಿದಳು, ಸಂಜೆ ಕೀರ್ತನ್ ಲಿಂಬೆಯಿಲ್ಲದೆ ಮದುವೆ ಮಾಡಿಸಿದ. ಅವನಿಗೆ ಏನೂ ಗೊತ್ತಾಗಲಿಲ್ಲ, ಎಂದೇ ಅವಳ ಲೆಕ್ಕ.

ಪಂದ್ಯದ ದಿನ ಕಡಬದಲ್ಲಿ ಮೇ ತಿಂಗಳ ಸೆಕೆ. ಮಂಡಲದ ಸಭಾಭವನಕ್ಕೆ ತಗಡಿನ ಮಾಡು. ವೀಕ್ಷಕ ವಿವರಣೆಗೆ ರೂಪೇಶ್ ಎಂಬವನು ಮೈಕು ಹಿಡಿದಿದ್ದ, ವಾಲಿಬಾಲ್ ಬಿಟ್ಟು ಬೇರೇನೂ ವಿವರಿಸಿ ಗೊತ್ತಿಲ್ಲದವನಾದ್ದರಿಂದ ಕಾರು ಕಾರನ್ನು ಹಿಂದೆ ಹಾಕಿದಾಗಲೆಲ್ಲ “ಅಮೋಘ ಸ್ಮ್ಯಾಶ್! ಕಟ್ಟೆ ಒಡೆದ ನೀರಿನಂತೆ ಅಂಕ!” ಎನ್ನುತ್ತಿದ್ದ. ನಿರ್ಣಾಯಕರು ನಿವೃತ್ತ ಪಿ.ಟಿ. ಮಾಸ್ಟ್ರು ಮೊಯ್ದಿನಬ್ಬ. ಕೊರಳಲ್ಲಿ ಸೀಟಿ, ಕೈಯಲ್ಲಿ ವಾಲಿಬಾಲಿನ ನಿಯಮದ ಪುಸ್ತಕ; ಅದೊಂದೇ ಮಂಡಲದಲ್ಲಿ ಇದ್ದದ್ದು.

ಮಧ್ಯಾಹ್ನದ ಊಟಕ್ಕೆ ಮುಂಚೆ ಹದಿನಾಲ್ಕು ಮಂದಿ ಉದುರಿ, ಫೈನಲಿಗೆ ಇಬ್ಬರು ಉಳಿದರು. ಅವಿನ್, ಭವಿತಾ. ಮೂರು ಓಟ, ಎರಡು ಗೆದ್ದವರಿಗೆ ಬಹುಮಾನದ ಕಪ್ಪು. ಭವಿತಾಳ ಪಕ್ಕದಲ್ಲಿ ಡೊಂಬಯ್ಯ ಗೌಡರು ಮಡಚುವ ಕುರ್ಚಿ ಹಾಕಿ ಕೂತಿದ್ದರು. ಮಾಸ್ಟ್ರು “ಇವರು ಯಾರು?” ಎಂದಾಗ “ಕ್ಲೀನರ್,” ಎಂದು ತಾವೇ ಉತ್ತರಿಸಿದರು.

ಮೊದಲ ಓಟ. ಸೀಟಿ ಬಿತ್ತು.

“ರೈಟ್ ಪೋಯಿ!” ಎಂದರು ಗೌಡರು, ಜೀಪು ಹೊರಡಿಸುವಾಗಿನ ಅಭ್ಯಾಸಬಲದಿಂದ; ಪೋಯಿ ಎಂದರೆ ತುಳುವಿನಲ್ಲಿ ಹೋಗೋಣ. “ಎಂಬತ್ತೆರಡು... ಎಂಬತ್ತಮೂರು... ಬಿಡು, ಬಿಡು, ಎಂಬತ್ತೈದು, ಇನ್ನೂ ಜಾಗ ಉಂಟು!”

ಹೆಬ್ಬಾವಿನಲ್ಲಿ ಅವಿನನ ಕಾರಿನ ಕಿವಿ ಸವರಿಕೊಂಡು ಭವಿತಾ ಮುಂದೆ ಹೋದಳು. ಗೆದ್ದಳು. ರೂಪೇಶ್ ಮೈಕಿನಲ್ಲಿ “ಅಜ್ಜಾವರದ ಬಲಗೈ ಆಟಗಾರ್ತಿ!” ಎಂದು ಗಂಟಲು ಹರಿದುಕೊಂಡ. ಅವಳು ಅವಿನನ ಕಡೆಗೆ ತಿರುಗಿ, ಸಣ್ಣಗೆ, ಅವನಿಗೆ ಮಾತ್ರ ಕೇಳುವಂತೆ, ಗಂಟಲು ಕಟ್ಟಿದ ಎಮ್ಮೆಯ ಸದ್ದು ಮಾಡಿದಳು.

ಅವಿನ್ ನಗಲೂ ಆಗದೆ ಸಿಟ್ಟಾಗಲೂ ಆಗದೆ ಕೂತಿರುವಾಗ ಮೂರನೆಯ ಸಾಲಿನಿಂದ ಒಂದು ಚೀರು ಕೇಳಿಸಿತು. ಅವಿನನ ತಾಯಿ ಸೀತು. ಮಗನ ಆಟ ನೋಡಲು ಪುತ್ತೂರಿನಿಂದ ಹೊಸ ಸೀರೆ ಉಟ್ಟು ಬಂದವರು ಈಗ ಕುರ್ಚಿಯ ಮೇಲೆ ಎದ್ದು ನಿಂತಿದ್ದರು.

“ಅವಿನಾ! ಅಲ್ಲಿಂದ ಏಳು ಮಗಾ! ಅವಳ ಅಡಿಯಲ್ಲಿ ಲಿಂಬೆ ಉಂಟು!”

“ನನ್ನ ಅಡಿಯಲ್ಲಿ ಅಲ್ಲ, ಲ್ಯಾಪ್‌ಟಾಪಿನ ಅಡಿಯಲ್ಲಿ,” ಎಂದಳು ಭವಿತಾ.

“ಎಲ್ಲಿಯಾದ್ರೂ ಲಿಂಬೆ ಲಿಂಬೆಯೇ! ನಾಲ್ಕು ಉಂಟು, ಮೂಲೆಗೊಂದು! ಮಾರಾಯ್ರೆ, ಇದು ಆಟವಾ ಮಾಟವಾ?”

ಸಭಾಭವನದಲ್ಲಿ ಜೇನುಗೂಡಿಗೆ ಕಲ್ಲು ಬಿತ್ತು. ಮುಂದಿನ ಸಾಲಿನವರು ಕಾಲು ಮೇಲೆತ್ತಿಕೊಂಡರು. ದಾರಿಯಲ್ಲಿ ಕುಯ್ದ ಲಿಂಬೆ ಬಿದ್ದಿದ್ದರೆ ಬೈಕನ್ನೇ ತಿರುಗಿಸಿಕೊಂಡು ಹೋಗುವ ಊರು ಇದು. ಅವಿನ್ ಕೆಂಪಾಗಿ, “ಅಮ್ಮ, ಕೂತ್ಕೊಳ್ಳಿ, ನಾನು ಬಿಸಿಎ,” ಎಂದ. “ಬಿಸಿಎಯವರಿಗೆ ತಾಗುದಿಲ್ವಾ?” ಎಂದರು ಸೀತು. ಅವನು ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿಕೊಂಡ.

ಭವಿತಾ ಎದ್ದು ಗಾಳಿ, ಫ್ಯಾನು, ಎರಡು ಬೆರಳಿನ ಜಾಗ ಎಲ್ಲ ವಿವರಿಸಿದಳು. ಎಲ್ಲರಿಗೂ ಮನವರಿಕೆ ಆಗುವ ಹೊತ್ತಿಗೆ ಗೌಡರು ಎದ್ದು, “ಮಾಟ ಗೀಟ ಎಂತದ್ದೂ ಇಲ್ಲ, ನಾನು ಶುದ್ಧ ಮನಸ್ಸಿನಿಂದ ಪ್ರಾರ್ಥನೆ ಮಾಡಿಯೇ ಇಟ್ಟದ್ದು,” ಎಂದು ಎಲ್ಲ ಕೆಡಿಸಿದರು.

ಮೊಯ್ದಿನಬ್ಬ ಮಾಸ್ಟ್ರು ಬಗ್ಗಿ ನೋಡಿದರು. ಒಂದು ಲಿಂಬೆಯನ್ನು ಬೆರಳಿನಿಂದ ಒತ್ತಿದರು. ಪುಸ್ತಕದ ಪುಟ ಮಗುಚಿದರು.

“ಮಾಟದ ವಿಷಯ ನನಗೆ ಗೊತ್ತಿಲ್ಲ, ಇದರಲ್ಲೂ ಇಲ್ಲ. ಆದ್ರೆ ಅಂಕಣದಲ್ಲಿ ಹೊರಗಿನ ವಸ್ತು ಇರಬಾರದು ಅಂತ ಉಂಟು. ಲಿಂಬೆ ಹೊರಗಿನ ವಸ್ತು. ತೆಗೀರಿ.”

“ಹಾಗಾದ್ರೆ ಎರಡು ಪುಸ್ತಕ ಇಡ್ಲಾ ಸರ್?” ಎಂದಳು ಭವಿತಾ.

“ಪುಸ್ತಕವೂ ಹೊರಗಿನ ವಸ್ತು.”

“ನಿಮ್ಮ ಕೈಯಲ್ಲಿ ಉಂಟಲ್ಲ?”

“ಇದು ಒಳಗಿನ ಪುಸ್ತಕ,” ಎಂದು ಮಾಸ್ಟ್ರು ಸೀಟಿ ಊದಿದರು.

ಸ್ವಯಂಸೇವಕರು ನಾಲ್ಕೂ ಲಿಂಬೆಯನ್ನು ಬಟ್ಟೆಯಲ್ಲಿ ಹಿಡಿದು ಕೊಂಡೊಯ್ದರು. ಶರಬತ್ತಿನ ಪಾತ್ರೆ ಬರಿದಾಗಿತ್ತು, ಮುಖ್ಯ ಅತಿಥಿಗಳಿಗೆ ಬಾಯಾರಿತ್ತು. ಅಲ್ಲಿ ಲಿಂಬೆಯ ಮೂಲವನ್ನು ಯಾರೂ ವಿಚಾರಿಸಲಿಲ್ಲ. ಸೀತು ಮಾತ್ರ ತನಗೆ ಬಂದ ಲೋಟವನ್ನು ಮೂಸಿ ನೋಡಿ ಪಕ್ಕದವರಿಗೆ ದಾಟಿಸಿದರು.

ಎರಡನೆಯ ಓಟದಲ್ಲಿ ಲ್ಯಾಪ್‌ಟಾಪು ಹೊಟ್ಟೆ ಮೇಜಿಗೆ ಹಚ್ಚಿ ಮಲಗಿತು. ತಗಡಿನ ಮಾಡು ಮೇಲಿನಿಂದ ಕಾಯಿಸುತ್ತಿತ್ತು, ಮೇಜು ಕೆಳಗಿನಿಂದ.

“ಎಂಬತ್ತಾರು,” ಎಂದರು ಗೌಡರು. “ಎಂಬತ್ತೊಂಬತ್ತು. ಗೂಡೆ, ತೊಂಬತ್ತು. ತೊಂಬತ್ತೊಂದು!”

ಝಾಕಿರ್ ಹೇಳಿದಂತೆಯೇ ಯಂತ್ರಕ್ಕೆ ಬುದ್ಧಿ ಇತ್ತು, ತಾನಾಗಿಯೇ ಕಾಲೆಳೆಯತೊಡಗಿತು. ಐವತ್ತೈದು ಚಿತ್ರ ಮೂವತ್ತಕ್ಕೆ ಬಿದ್ದು, ಮತ್ತೆ ಐವತ್ತಕ್ಕೆ ಹಾರಿ, ಮತ್ತೆ ಬಿದ್ದು, ಹೆಬ್ಬಾವು ಕುಂಟುತ್ತಾ ಬಂದಂತೆ ಕಂಡಿತು. ಭವಿತಾ ಗೋಡೆಗೆ ಹೊಡೆದಳು. ಅವಿನ್ ಗೆದ್ದ. ಒಂದು, ಒಂದು.

ತಿರುಗಿ ನೋಡಿದರೆ ಬೆನ್ನ ಹಿಂದೆಯೇ ಮುಕ್ಕಾಲಿಯ ಮೇಲೆ ಕ್ಯಾಮರಾ. ಕ್ಯಾಮರಾದ ಹಿಂದೆ ಕೀರ್ತನ್.

ಬೆಳಿಗ್ಗೆ ಉಪ್ಪಿನಂಗಡಿಯಲ್ಲಿ ಒಂದು ನಿಶ್ಚಿತಾರ್ಥ ಮುಗಿಸಿ, ಮಂಡಲದವರು ಕರೆದರೆಂದು ಫೈನಲಿನ ವಿಡಿಯೋಕ್ಕೆ ಬಂದಿದ್ದ. ಮನೆಯಲ್ಲಿ ಹೇಳಿರಲಿಲ್ಲ. ಒಂದು ಕಣ್ಣು ಕ್ಯಾಮರಾಕ್ಕೆ ಅಂಟಿತ್ತು. ಇನ್ನೊಂದು ಕಣ್ಣಿನಲ್ಲಿ ಸಿಟ್ಟೋ ಭಯವೋ ತಿಳಿಯುವಂತಿರಲಿಲ್ಲ.

ಮೂರನೆಯ ಓಟಕ್ಕೆ ಐದು ನಿಮಿಷ ಬಿಡುವು. ಫ್ಯಾನು ಅವಿನ್ ಅಣಕಿಸಿದ್ದಕ್ಕಿಂತಲೂ ಜೋರಾಗಿ ಕೂಗುತ್ತಿತ್ತು. ಭವಿತಾ ಅದರ ಮೇಲೆ ಕೈಯಿಟ್ಟಳು, ದೋಸೆ ಹುಯ್ಯಬಹುದಿತ್ತು. ಹಾಗೇ ಬಿಟ್ಟರೆ ಯಂತ್ರ ಸಾಯುತ್ತದೆಂದೇನೂ ಇಲ್ಲ. ಐದೇ ನಿಮಿಷದ ಓಟ. ಅದೃಷ್ಟ ಇದ್ದರೆ ಹೆಬ್ಬಾವಿನಲ್ಲಿ ಚಿತ್ರ ಐವತ್ತಕ್ಕೆ ಹಾರುವ ಗಳಿಗೆಯೇ ಸಿಕ್ಕಬಹುದು. ಸಿಕ್ಕಿದರೆ ಕಪ್ಪು, ಅವಿನನ ಸಪ್ಪೆ ಮುಖ, ಸೋಮವಾರ ಕ್ಯಾಂಟೀನಿನಲ್ಲಿ ಅವಳದೇ ದರ್ಬಾರು. ಇಲ್ಲದಿದ್ದರೆ ಆ ಬಿಸಿಯೊಳಗೆಲ್ಲೋ ಉಪ್ಪಿನಂಗಡಿಯ ಮದುಮಗಳೊಬ್ಬಳು ಹಾರ ಹಿಡಿದು ನಿಂತಿದ್ದಾಳೆ.

“ಅಪ್ಪ, ಎಷ್ಟು?”

“ಎಂಬತ್ತೆಂಟು. ನಿಂತಲ್ಲೇ.” ಗೇರು ಹಾಕುವವನ ಕೈಯನ್ನು ಗೌಡರು ಎಂದೂ ಹಿಡಿದವರಲ್ಲ.

ಭವಿತಾ ಪರದೆಯಲ್ಲಿ ವೇಗ ಏರಿಸಿ ಇಳಿಸುವ ಪುಟ್ಟ ಕಿಟಕಿ ತೆರೆದಳು. ನೂರರಿಂದ ಸೊನ್ನೆಗೆ ಎಳೆದಳು. ಅಷ್ಟೇ ಸಾಲದೆ ಮಳೆಯನ್ನು, ಹೊಗೆಯನ್ನು, ರಸ್ತೆ ಬದಿಯ ಮರಗಳ ನೆರಳನ್ನು ಆಟದಿಂದ ತೆಗೆದುಹಾಕಿದಳು. ಚಿತ್ರ ನಲವತ್ತಕ್ಕಿಂತ ಮೇಲೆ ಹೋಗಲೇಬಾರದೆಂದು ಬೇಲಿ ಹಾಕಿದಳು. ಮೇಲೆ ಹೋಗುವುದು ಬೇಡ, ಕೆಳಗೆ ಬೀಳದಿದ್ದರೆ ಸಾಕು.

“ಇಳಿಸಿದೆಯಾ?”

“ಇಳಿಸಿದೆ.”

“ಹ್ಞಾ. ರೈಟ್.” ಈ ಸಲ ಪೋಯಿ ಎನ್ನಲಿಲ್ಲ.

ಆ ಓಟವನ್ನು ಕಡಬದವರು ಆಮೇಲೂ ಸ್ವಲ್ಪ ದಿನ ಹೇಳುತ್ತಿದ್ದರು. ಬೋಳು ರಸ್ತೆ, ನೆರಳಿಲ್ಲದ ಮರ, ಆಟಿಕೆಯಂತೆ ಕಾಣುವ ಕಾರು; ಆದರೂ ಆ ಹುಡುಗಿ ಅವಿನನ ಹಿಂದೆಯೇ, ಕರು ಹಸುವಿನ ಹಿಂದೆ ಹೋದಂತೆ, ಬಿಡದೆ ಹೋದಳು. ಹೆಬ್ಬಾವಿನಲ್ಲಿ ಗೋಡೆಗೆ ತಾಗಲಿಲ್ಲ. ಕಾಣದ ಚಿತ್ರಗಳನ್ನು ಲೆಕ್ಕ ಹಾಕಿ, ಅರ್ಧ ಕ್ಷಣ ಮೊದಲೇ ತಿರುಗಿಸಿ, ಬಾಲದಲ್ಲಿ ಅವನ ಪಕ್ಕಕ್ಕೇ ಬಂದಳು. “ಎಪ್ಪತ್ತೊಂಬತ್ತು! ಎಪ್ಪತ್ತೇಳು!” ಎಂದು ಗೌಡರು ಗೆದ್ದವರಂತೆ ಕೂಗುತ್ತಿದ್ದರು. ಕೊನೆಯ ಗೆರೆಯನ್ನು ಅವಿನ್ ಒಂದು ಬಾನೆಟ್ಟಿನಷ್ಟು ಮೊದಲು ದಾಟಿದ.

“ಸೆಟ್ ಅವಿನ್ ಪಾಲಿಗೆ!” ಎಂದ ರೂಪೇಶ್.

ಕಪ್ಪು ತೆಗೆದುಕೊಂಡ ಅವಿನ್ ಅವಳ ಹತ್ತಿರ ಬಂದು ಏನೋ ಅಣಕಿಸಲು ಬಾಯಿ ತೆರೆದ. ಲ್ಯಾಪ್‌ಟಾಪಿನ ಸದ್ದು ಅಡಗಿದ್ದರಿಂದ ಅಣಕಿಸಲು ಏನೂ ಸಿಗಲಿಲ್ಲ. “ಹೆಬ್ಬಾವಿನಲ್ಲಿ ಹೇಗೆ ಮಾರಾಯ್ತಿ ನೀನು ಬಂದದ್ದು?” ಎಂದಷ್ಟೇ ಕೇಳಿದ. “ಅವಿನಾ, ಅವಳ ಹತ್ರ ನಿಲ್ಬೇಡ!” ಎಂದರು ಸೀತು ದೂರದಿಂದ.

ಮನೆಗೆ ಮೂವರೂ ಗೌಡರ ಜೀಪಿನಲ್ಲೇ ಹೊರಟರು. ಕೀರ್ತನ್ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು, ಮುಚ್ಚಳ ತೆರೆದು, ಒಂದೊಂದೇ ಮದುವೆಯನ್ನು ತೆರೆದು ನೋಡುತ್ತಿದ್ದ. ಎಲ್ಲ ಮದುಮಕ್ಕಳೂ ಸುಖವಾಗಿದ್ದರು. ಕಾಣಿಯೂರು ಕಳೆಯಿತು. ಬೆಳ್ಳಾರೆ ಬರುವಾಗ ಭವಿತಾಳಿಗೆ ತಡೆಯಲಾಗಲಿಲ್ಲ.

“ಅಣ್ಣ, ನಾನೊಂದು ತಪ್ಪು ಮಾಡಿದ್ದೇನೆ. ನಿನ್ನ ಹತ್ರ ಹೇಳದೆ ಇದನ್ನು...”

“ನೂರು ಏರಿಸಿದ್ದು. ಗೊತ್ತುಂಟು.”

“ಯಾವಾಗ ಗೊತ್ತಾದ್ದು?”

“ಬುಧವಾರ. ಮದುಮಗಳು ಮಂಟಪಕ್ಕೆ ಬರುವ ಭಾಗ ತಯಾರಾಗ್ಲಿಕ್ಕೆ ಇದರಲ್ಲಿ ಯಾವಾಗಲೂ ಎರಡು ಗಂಟೆ ಬೇಕು. ಬುಧವಾರ ಒಂದೂಮುಕ್ಕಾಲು ಗಂಟೆಯಲ್ಲೇ ಬಂದ್ಳು. ಎಂತ ಅವಸರ ಇವಳಿಗೆ ಅಂತ ಹುಡುಕಿ ನೋಡಿದೆ.”

“ಮತ್ತೆ ಯಾಕೆ ಬೈಲಿಲ್ಲ?”

ಕೀರ್ತನ್ ಹೊರಗೆ ನೋಡಿದ. “ಬೈದ್ರೆ ನೀನು ಆ ನೂರು ತೆಗೀತಿದ್ದಿ. ಮದುವೆ ಸೀಸನ್ ಮುಗೀಲಿ ಅಂತ ಸುಮ್ಮನಿದ್ದೆ.”

ಗೌಡರು ನಕ್ಕದ್ದಕ್ಕೆ ಜೀಪು ಒಮ್ಮೆ ರಸ್ತೆ ಬಿಟ್ಟು ಬಂತು. ಭವಿತಾ ಕೈತಪ್ಪಿದ ಕಪ್ಪನ್ನು, ಎಳೆದ ಸೊನ್ನೆಯನ್ನು, ತೆಗೆದ ಮರದ ನೆರಳುಗಳನ್ನು ನೆನೆದು, “ಹಾಗಾದ್ರೆ ಅಲ್ಲಿ ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?” ಎಂದು ಅವನ ಬೆನ್ನಿಗೊಂದು ಗುದ್ದಿದಳು.

“ಎಂತ ಹೇಳುದು? ತೊಂಬತ್ತೊಂದು ಕಂಡ ಮೇಲೆ ನನ್ನ ಬಾಯಿಯೇ ಒಣಗಿತ್ತು. ನೀನು ಇಳಿಸದಿದ್ರೆ ನಾನೇ ಬಂದು ವಯರು ಎಳೀತಿದ್ದೆ.” ಅವನು ಕ್ಯಾಮರಾವನ್ನು ಚೀಲದಿಂದ ತೆಗೆದು ಅವಳ ಕೈಗೆ ಕೊಟ್ಟ. “ಈಗ ನನ್ನ ಅವಸ್ಥೆ ನೋಡು.”

ಕ್ಯಾಮರಾದ ಪುಟ್ಟ ಪರದೆಯಲ್ಲಿ ಫೈನಲ್ ಪಂದ್ಯ ಓಡುತ್ತಿತ್ತು. ಕಾರಿಲ್ಲ, ಅವಿನ್ ಇಲ್ಲ, ಕಪ್ಪು ಇಲ್ಲ, ಮುಖ್ಯ ಅತಿಥಿಗಳೂ ಇಲ್ಲ. ಪರದೆ ತುಂಬ ಒಂದೇ ಒಂದು ನಂಬ್ರ, ತೆಂಗಿನಕಾಯಿಯಷ್ಟು ದೊಡ್ಡದು. ಎಂಬತ್ತೆಂಟು. ಎಂಬತ್ತೈದು. ಎಂಬತ್ತೊಂದು. ಹಿನ್ನೆಲೆಯಲ್ಲಿ ರೂಪೇಶನ ಸ್ಮ್ಯಾಶುಗಳು, ಗೌಡರ ಕೂಗು.

“ಪೂರ್ತಿ ಇದೇನಾ?”

“ಪೂರ್ತಿ. ಕೈ ಅಲ್ಲಿಂದ ಕದಲಲೇ ಇಲ್ಲ. ಬಹುಮಾನ ಕೊಡುವಾಗಲೂ ಇದನ್ನೇ ತೆಗ್ದಿದ್ದೇನೆ, ಪುನಃ ಏರ್ತದಾ ಅಂತ. ಕಡಬದವರಿಗೆ ನಾನು ಎಂತ ಕೊಡುದು ಮಾರಾಯ್ತಿ?”

ಭವಿತಾ ಮೊಯ್ದಿನಬ್ಬ ಮಾಸ್ಟ್ರ ದನಿಯಲ್ಲಿ, “ನಂಬ್ರ ಒಳಗಿನ ವಸ್ತು, ಪರವಾಗಿಲ್ಲ,” ಎಂದಳು. ಕೀರ್ತನ್ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಆಮೇಲೆ ಲ್ಯಾಪ್‌ಟಾಪನ್ನು ಅವಳ ತೊಡೆಗೆ ದಾಟಿಸಿ, ಜೀಪಿನ ಸದ್ದಿನಲ್ಲಿ ಅಪ್ಪನಿಗೆ ಕೇಳಿಸದಂತೆ, “ನಾಳೆ ಕೊಡ್ಲಿಕ್ಕಿರುದು ದೊಡ್ಡ ಮದುವೆ. ಅದನ್ನು ಪುನಃ ನೂರು ಮಾಡಿ ಕೊಡ್ತೀಯಾ?” ಎಂದ.

“ಇಲ್ಲಿ ಆಗುದಿಲ್ಲ,” ಎಂದಳು ಭವಿತಾ, ಮುಚ್ಚಳ ಮುಚ್ಚುತ್ತಾ. “ಚಾರ್ಜರ್ ಹಾಕದೆ ಮಾಡ್ಲಿಕ್ಕಿಲ್ಲ.”